ಬಿಸಿಲು ಪುಕ್ಕಟೆ, ಮೆಟ್ಟಿಲು ಹತ್ತುವವರು ಯಾರು?

ಬಸವೇಶ್ವರನಗರದ ಒಂದು ಮನೆಯನ್ನು ಕಣ್ಣಮುಂದೆ ತಂದುಕೊಳ್ಳಿ. ಮೂವತ್ತು–ನಲವತ್ತರ ನಿವೇಶನ. ಕೆಳಗೆ ಮನೆಯ ಮಾಲೀಕರು, ಮೇಲಿನ ಎರಡು ಮಹಡಿಗಳಲ್ಲಿ ಬಾಡಿಗೆಯವರು, ಅದಕ್ಕೂ ಮೇಲೆ ತಾರಸಿ. ತಾರಸಿಯಲ್ಲಿ ನೀರಿನ ಟ್ಯಾಂಕು, ಸೋಲಾರ್ ವಾಟರ್ ಹೀಟರ್, ಒಂದೆರಡು ಹೂವಿನ ಕುಂಡ, ಈ ಗೋಡೆಯಿಂದ ಆ ಗೋಡೆಗೆ ಎಳೆದ ಎರಡು ಹಗ್ಗ. ಮೊದಲ ಮಹಡಿಯ ಬಾಡಿಗೆ ಮನೆಯಲ್ಲಿ ರಾತ್ರಿ ಊಟದ ಹೊತ್ತಿಗೆ ಒಂದು ಮಾತುಕತೆ.

"ಅಮ್ಮಾ, ಈ ಸಲ ಬೋನಸ್ ಬಂದರೆ ಬಟ್ಟೆ ಒಣಗಿಸುವ ಡ್ರೈಯರ್ ತಂದುಬಿಡೋಣ. ಮಳೆಗಾಲದಲ್ಲಿ ನಿನಗೂ ಪರದಾಟ ತಪ್ಪುತ್ತೆ," ಎನ್ನುತ್ತಾನೆ ಮಗ.

"ತಲೆಯ ಮೇಲೆ ಇಷ್ಟು ಬಿಸಿಲಿದೆ. ದುಡ್ಡು ಕೊಟ್ಟು ಬಿಸಿ ತರಬೇಕೇನಪ್ಪಾ? ನಮ್ಮ ಕಾಲದಲ್ಲಿ ಆರು ಜನರ ಬಟ್ಟೆ ಹಗ್ಗದ ಮೇಲೇ ಒಣಗುತ್ತಿತ್ತು," ಎನ್ನುತ್ತಾರೆ ತಾಯಿ.

ಆಗತಾನೆ ಕೆಲಸದಿಂದ ಬಂದ ಸೊಸೆ ತಟ್ಟೆಗೆ ಅನ್ನ ಹಾಕಿಕೊಳ್ಳುತ್ತಾ ಹೇಳುತ್ತಾಳೆ: "ಬಿಸಿಲೇನೋ ಇದೆ ಅತ್ತೆ. ಬಕೆಟ್ ಹೊತ್ತುಕೊಂಡು ಮೂವತ್ತಾರು ಮೆಟ್ಟಿಲು ಹತ್ತುವವರು ಯಾರು?"

ಇದಕ್ಕೆ ಯಾರೂ ಉತ್ತರ ಕೊಡುವುದಿಲ್ಲ.

ಪ್ರಿಯ ಓದುಗರೇ, ಇಂಥ ಮಾತುಕತೆ ನಮ್ಮ ಎಷ್ಟೋ ಮನೆಗಳಲ್ಲಿ ನಡೆಯಬಹುದು. ಮೂವರ ಮಾತಿನಲ್ಲೂ ಸತ್ಯವಿದೆ. ಮಗನ ಮಾತಿನಲ್ಲಿ ಕಾಳಜಿಯಿದೆ, ತಾಯಿಯ ಮಾತಿನಲ್ಲಿ ಮಿತವ್ಯಯವಿದೆ, ಸೊಸೆಯ ಮಾತಿನಲ್ಲಿ ನ್ಯಾಯವಿದೆ. ಈ ಮೂರನ್ನೂ ಒಟ್ಟಿಗೆ ಇಟ್ಟುಕೊಂಡು ಈ ವಾರ ಬಟ್ಟೆ ಒಣಗಿಸುವ ದಿನನಿತ್ಯದ ಕೆಲಸವನ್ನೇ ಸ್ವಲ್ಪ ಅಧ್ಯಯನ ಮಾಡೋಣ.

ಮೊದಲು, ಡ್ರೈಯರ್ ಎಂದರೆ ಯಾವುದು?

ನಮ್ಮ ಮನೆಗಳಲ್ಲಿ ಈ ಒಂದು ಪದಕ್ಕೆ ಎರಡು ಅರ್ಥಗಳಿವೆ. ಸೆಮಿ ಆಟೋಮ್ಯಾಟಿಕ್ ವಾಷಿಂಗ್ ಮೆಷಿನ್ನಿನ ಎರಡನೆಯ ತೊಟ್ಟಿಯನ್ನೂ ನಾವು ಡ್ರೈಯರ್ ಎಂದೇ ಕರೆಯುತ್ತೇವೆ. ಅದು ಬಟ್ಟೆಯನ್ನು ಒಣಗಿಸುವುದಿಲ್ಲ, ಹಿಂಡುತ್ತದೆ. ನಿಮಿಷಕ್ಕೆ ಸಾವಿರಕ್ಕೂ ಹೆಚ್ಚು ಸುತ್ತು ತಿರುಗಿ ಬಟ್ಟೆಯ ನೀರನ್ನು ಹೊರಗೆ ಚಿಮ್ಮಿಸುತ್ತದೆ. ಇದಕ್ಕೆ ಬೇಕಾದ ವಿದ್ಯುತ್ತು ಬಹಳ ಕಡಿಮೆ. ಒಂದು ಸಲಕ್ಕೆ ಯೂನಿಟ್ಟಿನ ಹತ್ತರಲ್ಲಿ ಒಂದು ಪಾಲೂ ಬೇಕಾಗದು.

ಇನ್ನೊಂದು, ಬಿಸಿಗಾಳಿಯಿಂದ ಬಟ್ಟೆಯನ್ನು ಪೂರ್ತಿ ಒಣಗಿಸಿ, ಮಡಚಿ ಬೀರುವಿನಲ್ಲಿ ಇಡುವಂತೆ ಕೊಡುವ ಯಂತ್ರ. ಇದು ಬೇರೆಯೇ ಯಂತ್ರವಾಗಿ ಸಿಗುತ್ತದೆ. ಒಗೆಯುವುದು ಒಣಗಿಸುವುದು ಎರಡನ್ನೂ ಮಾಡುವ ಮೆಷಿನ್ನುಗಳೂ ಅಂಗಡಿಗಳಲ್ಲಿವೆ. ಅಮೆರಿಕದ ಮನೆಗಳಲ್ಲಿ ಇದು ಬಹಳ ಸಾಮಾನ್ಯ. ಅಲ್ಲಿ ಕೆಲವು ಬಡಾವಣೆಗಳ ಸಂಘಗಳು ಮನೆಯ ಹೊರಗೆ ಬಟ್ಟೆ ಒಣಹಾಕುವುದನ್ನೇ ನಿಷೇಧಿಸಿದ್ದವು. ಅದಕ್ಕೆ ಪ್ರತಿಯಾಗಿ ಫ್ಲೋರಿಡಾ, ವರ್ಮಾಂಟ್ ಮುಂತಾದ ರಾಜ್ಯಗಳು ಹಗ್ಗ ಕಟ್ಟುವ ಹಕ್ಕನ್ನು ಕಾಪಾಡಲು ಕಾನೂನನ್ನೇ ಮಾಡಬೇಕಾಯಿತು. ಬಿಸಿಲಿಗೆ ಬಟ್ಟೆ ಹಾಕಲು ಕಾನೂನಿನ ರಕ್ಷಣೆ ಬೇಕೆಂದರೆ ನಮ್ಮ ಅಜ್ಜಿಯರು ನಗುತ್ತಿದ್ದರು. ಆದರೆ ನಮ್ಮ ಬೆಂಗಳೂರಿನ ಕೆಲವು ಅಪಾರ್ಟ್‌ಮೆಂಟುಗಳಲ್ಲೂ ಬಾಲ್ಕನಿಯ ಕಂಬಿಯ ಮೇಲೆ ಬಟ್ಟೆ ಕಾಣಬಾರದೆಂಬ ನಿಯಮ ಈಗ ಇದೆ.

ಈ ಪಾಠದಲ್ಲಿ ಡ್ರೈಯರ್ ಎಂದಾಗ ಬಿಸಿಗಾಳಿಯ ಯಂತ್ರವೆಂದು ತಿಳಿಯಿರಿ. ಹಿಂಡುವ ತೊಟ್ಟಿ ಹಗ್ಗಕ್ಕೆ ಶತ್ರುವಲ್ಲ, ಅದು ಹಗ್ಗದ ಗೆಳೆಯ.

ನೀರನ್ನು ಆವಿ ಮಾಡುವ ಲೆಕ್ಕ

ಒಣಗಿದಾಗ ಐದು ಕಿಲೋ ತೂಗುವ ಹತ್ತಿಯ ಬಟ್ಟೆಗಳನ್ನು ಒಗೆದು ಮೆಷಿನ್ನಿನಲ್ಲಿ ಹಿಂಡಿದ ಮೇಲೂ ಅವುಗಳಲ್ಲಿ ಎರಡೂವರೆಯಿಂದ ಮೂರು ಲೀಟರ್ ನೀರು ಉಳಿದಿರುತ್ತದೆ. ಕೈಯಲ್ಲಿ ಹಿಂಡಿದರೆ ಇನ್ನೂ ಹೆಚ್ಚು. ಈ ನೀರು ಆವಿಯಾಗಿ ಹೋಗಲೇಬೇಕು. ಒಂದು ಲೀಟರ್ ನೀರು ಆವಿಯಾಗಲು ಯೂನಿಟ್ಟಿನ ಮೂರರಲ್ಲಿ ಎರಡು ಪಾಲಿನಷ್ಟು ಶಾಖ ಬೇಕು. ಇದು ಪ್ರಕೃತಿಯ ನಿಯಮ, ಯಾವ ಕಂಪನಿಯ ಯಂತ್ರವೂ ಇದನ್ನು ಬದಲಿಸಲಾರದು. ಮೂರು ಲೀಟರಿಗೆ ಎರಡು ಯೂನಿಟ್ಟಿನಷ್ಟಾಯಿತು. ಡ್ರಮ್ಮು ತಿರುಗಿಸುವುದು, ಗಾಳಿ ಊದುವುದು, ಗೋಡೆಗೂ ಬಟ್ಟೆಗೂ ಪೋಲಾಗುವ ಶಾಖ ಇವೆಲ್ಲ ಸೇರಿ ಹೀಟರ್ ಇರುವ ಡ್ರೈಯರ್ ಒಂದು ಸಲಕ್ಕೆ ಸುಮಾರು ಮೂರು ಯೂನಿಟ್ ತೆಗೆದುಕೊಳ್ಳುತ್ತದೆ. ಹೀಟ್ ಪಂಪ್ ಎಂಬ ಹೊಸ ಬಗೆಯದು ಒಮ್ಮೆ ಬಳಸಿದ ಶಾಖವನ್ನೇ ಮತ್ತೆ ಬಳಸುವುದರಿಂದ ಅದರ ಅರ್ಧದಷ್ಟರಲ್ಲಿ ಕೆಲಸ ಮುಗಿಸಬಲ್ಲದು. ಆದರೆ ಅದರ ಬೆಲೆ ಹೆಚ್ಚು.

ವಾರಕ್ಕೆ ನಾಲ್ಕು ಸಲ ಹಾಕಿದರೆ ತಿಂಗಳಿಗೆ ಐವತ್ತು ಯೂನಿಟ್. ಯೂನಿಟ್ಟಿಗೆ ಆರು ರೂಪಾಯಿ ಎಂದಿಟ್ಟುಕೊಂಡರೆ ಮುನ್ನೂರು ರೂಪಾಯಿ. ಇಷ್ಟೇ ಅಲ್ಲ. ನಮ್ಮ ರಾಜ್ಯದಲ್ಲಿ 2023ರ ಜುಲೈನಲ್ಲಿ ಗೃಹಜ್ಯೋತಿ ಯೋಜನೆ ಆರಂಭವಾಯಿತು. ಮನೆಯ ಹಿಂದಿನ ಸರಾಸರಿ ಬಳಕೆಗೆ ಸ್ವಲ್ಪ ಸೇರಿಸಿ, ತಿಂಗಳಿಗೆ 200 ಯೂನಿಟ್ ಮೀರದಂತೆ, ಉಚಿತ ವಿದ್ಯುತ್ ಕೊಡುವ ಯೋಜನೆ ಅದು. ತಿಂಗಳಿಗೆ 120 ಯೂನಿಟ್ ಬಳಸುತ್ತಿದ್ದ ಮನೆಗೆ ಐವತ್ತು ಯೂನಿಟ್ ಸೇರಿದರೆ ಮಿತಿ ಮೀರಿದ ಯೂನಿಟ್ಟುಗಳಿಗೆ ಹಣ ಕಟ್ಟಬೇಕು. 160 ಬಳಸುತ್ತಿದ್ದ ಮನೆ 210ಕ್ಕೆ ಹೋದರೆ ಆ ತಿಂಗಳ ಪೂರ್ತಿ ಬಿಲ್ಲನ್ನೇ ಕಟ್ಟಬೇಕಾಗುತ್ತದೆ. ಅಂಗಡಿಯವರು ಯಂತ್ರದ ಕಂತಿನ ಲೆಕ್ಕ ಹೇಳುತ್ತಾರೆ. ಈ ಲೆಕ್ಕ ನಾವೇ ಹಾಕಿಕೊಳ್ಳಬೇಕು.

ಗೋಡೆಯ ಪ್ಲಗ್ಗಿನ ಹಿಂದೆ ಏನಿದೆ ಎಂಬುದನ್ನೂ ನೆನೆಯೋಣ. ಶರಾವತಿಯ ನೀರಿದೆ, ಪಾವಗಡದ ಸೋಲಾರ್ ಪಾರ್ಕಿದೆ, ರಾಯಚೂರಿನ ಶಕ್ತಿನಗರದಲ್ಲಿ ಉರಿಯುವ ಕಲ್ಲಿದ್ದಲೂ ಇದೆ. ದೇಶದ ವಿದ್ಯುತ್ ಜಾಲದಲ್ಲಿ ಒಂದು ಯೂನಿಟ್ ತಯಾರಾಗುವಾಗ ಸರಾಸರಿ 0.7 ಕಿಲೋದಷ್ಟು ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ. ವರ್ಷಕ್ಕೆ ಆರುನೂರು ಯೂನಿಟ್ ಎಂದರೆ ನಾನೂರು ಕಿಲೋಗೂ ಹೆಚ್ಚು. 2023ರಲ್ಲಿ ಮುಂಗಾರು ಕೈಕೊಟ್ಟು ರಾಜ್ಯದಲ್ಲಿ ವಿದ್ಯುತ್ತಿಗೆ ಹಾಹಾಕಾರವೆದ್ದಾಗ ಪಂಪ್‌ಸೆಟ್ಟಿಗೆ ಕರೆಂಟಿಲ್ಲವೆಂದು ಹಳ್ಳಿಯ ರೈತರು ಬೀದಿಗಿಳಿದಿದ್ದರು. ಪಾವಗಡದ ಬಿಸಿಲನ್ನು ವಿದ್ಯುತ್ತಾಗಿಸಿ, ತಂತಿಯಲ್ಲಿ ಬೆಂಗಳೂರಿಗೆ ತಂದು, ಮತ್ತೆ ಬಿಸಿಯಾಗಿಸಿ ಬಟ್ಟೆ ಒಣಗಿಸುವಾಗ ನಮ್ಮ ತಾರಸಿಯ ಬಿಸಿಲು ಸುಮ್ಮನೆ ಬಿದ್ದಿರುತ್ತದೆ. ಸ್ನಾನದ ನೀರಿಗೆ ಸೋಲಾರ್ ಹಾಕಿಸಿಕೊಂಡ ಮನೆಗೆ ಈ ಮಾತು ಅರ್ಥವಾಗದೆ ಇರದು.

ನಮ್ಮ ಊರಿನ ಹವೆ

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಮಂಗಳೂರಿನ ಸೆಕೆ, ಜಿಗುಟು ನಮಗಿಲ್ಲ. ಬಟ್ಟೆ ಒಣಗಲು ಬಿಸಿಲಿಗಿಂತಲೂ ಗಾಳಿ ಮುಖ್ಯ, ಆ ಗಾಳಿ ಒಣಗಿರುವುದು ಇನ್ನೂ ಮುಖ್ಯ. ತಪಸ್ಸುಕಾಲದಿಂದ ಪಾಸ್ಕದವರೆಗೆ, ಅಂದರೆ ಫೆಬ್ರವರಿಯಿಂದ ಏಪ್ರಿಲ್‌ವರೆಗೆ, ನಮ್ಮ ಗಾಳಿ ಎಷ್ಟು ಒಣಗಿರುತ್ತದೆಂದರೆ ಬೆಳಿಗ್ಗೆ ಹಾಕಿದ ಅಂಗಿ ಮಧ್ಯಾಹ್ನದ ಊಟದೊಳಗೆ ಗರಿಗರಿಯಾಗುತ್ತದೆ. ಏಪ್ರಿಲ್ ಕೊನೆಯಿಂದ ಮೇ ಮುಗಿಯುವವರೆಗೆ ಬೆಳಿಗ್ಗೆ ಸುಡುಬಿಸಿಲು, ಸಂಜೆ ಗುಡುಗು ಮಳೆ. ಆಗ ಮಧ್ಯಾಹ್ನ ಮೂರರೊಳಗೆ ಬಟ್ಟೆ ಕೆಳಗೆ ಬಂದಿರಬೇಕು.

ಜೂನ್, ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಮೋಡ ಕವಿದಿದ್ದರೂ ಪಶ್ಚಿಮದಿಂದ ಜೋರು ಗಾಳಿ ಬೀಸುತ್ತದೆ. ತುಂತುರು ನಿಂತ ಎರಡು ಗಂಟೆಯ ಗಾಳಿಯೇ ಎಷ್ಟೋ ಕೆಲಸ ಮಾಡುತ್ತದೆ. ಆಗ ಕ್ಲಿಪ್ ಇಲ್ಲದಿದ್ದರೆ ನಮ್ಮ ಟವೆಲ್ಲು ಪಕ್ಕದ ಮನೆಯ ಸಜ್ಜೆಯ ಮೇಲಿರುತ್ತದೆ. ನಿಜವಾಗಿ ಕಷ್ಟದ ತಿಂಗಳುಗಳು ಸೆಪ್ಟೆಂಬರ್, ಅಕ್ಟೋಬರ್. ನಮ್ಮಲ್ಲಿ ಅತಿ ಹೆಚ್ಚು ಮಳೆ ಸುರಿಯುವುದು ಆಗಲೇ. ಕ್ರಿಸ್ಮಸ್ ಸಮಯದಲ್ಲಿ ಬೆಳಗಿನ ಮಂಜು ಇರುತ್ತದೆ. ಎಂಟು ಗಂಟೆಗೆ ಮುಂಚೆ ಹಾಕಿದ ಬಟ್ಟೆ ಒಣಗುವ ಬದಲು ತೇವ ಹೀರುತ್ತದೆ. ಮಂಜು ಹರಿದ ಮೇಲೆ ಹಾಕಿದರೆ ಸಾಕು.

ಹೀಗೆ ಲೆಕ್ಕ ಹಾಕಿದರೆ ನಿಜವಾದ ತೊಂದರೆ ವರ್ಷಕ್ಕೆ ಎರಡು ಮೂರು ತಿಂಗಳದ್ದು. ಉಳಿದ ಒಂಬತ್ತು ತಿಂಗಳು ಹವೆ ನಮ್ಮ ಕಡೆಗಿದೆ. ಆದರೆ ಒಮ್ಮೆ ಮನೆಗೆ ಬಂದ ಯಂತ್ರ ಹನ್ನೆರಡು ತಿಂಗಳೂ ಕೆಲಸ ಕೇಳುತ್ತದೆ.

ಬಿಸಿಲು ಬಟ್ಟೆಗೆ ಮಾಡುವುದೇನು?

ಬಿಸಿಲಿನ ನೇರಳಾತೀತ ಕಿರಣಗಳು ಬಿಳಿಯ ಬಟ್ಟೆಯನ್ನು ಬೆಳ್ಳಗಾಗಿಸುತ್ತವೆ, ಸೂಕ್ಷ್ಮಜೀವಿಗಳನ್ನು ಕಡಿಮೆ ಮಾಡುತ್ತವೆ. ಹಿಂದಿನ ಕಾಲದ ಅಗಸರಿಗೆ ಇದು ಗೊತ್ತಿತ್ತು. ಒದ್ದೆ ಬಟ್ಟೆಯನ್ನು ಹುಲ್ಲಿನ ಮೇಲೆ ಹರಡಿ ಬಿಸಿಲಿಗೆ ಬಿಡುತ್ತಿದ್ದುದು ಅದಕ್ಕಾಗಿಯೇ. ಯೇಸುಸ್ವಾಮಿಯ ರೂಪಾಂತರವನ್ನು ವರ್ಣಿಸುವಾಗ ಸಂತ ಮಾರ್ಕನು ಅವರ ಬಟ್ಟೆಯ ಬಿಳುಪಿಗೆ ಅಗಸನ ಕೆಲಸವನ್ನೇ ಹೋಲಿಕೆಯಾಗಿ ತೆಗೆದುಕೊಂಡಿದ್ದಾನೆ (9:3). ಆ ಶುಭಸಂದೇಶವನ್ನು ಕೇಳಿದವರೆಲ್ಲ ಬಟ್ಟೆ ಒಗೆದು ಬಿಸಿಲಿಗೆ ಹಾಕುವುದನ್ನು ಕಂಡವರೇ.

ಅದೇ ಕಿರಣಗಳು ಬಣ್ಣದ ಬಟ್ಟೆಯನ್ನು ಮಸುಕಾಗಿಸುತ್ತವೆ. ಆದ್ದರಿಂದ ಬಣ್ಣದ ಉಡುಪನ್ನು ಒಳಮೈ ಹೊರಗೆ ಮಾಡಿ ಒಣಹಾಕಬೇಕು. ರೇಷ್ಮೆ ಸೀರೆಯನ್ನು ನೆರಳಿಗೆ, ಉಣ್ಣೆಯ ಸ್ವೆಟರನ್ನು ಹಗ್ಗಕ್ಕೆ ನೇತುಹಾಕದೆ ಮಟ್ಟಸವಾಗಿ ಹರಡಿ. ಡ್ರೈಯರಿನ ಬಿಸಿ ಎಲಾಸ್ಟಿಕ್ಕನ್ನು ಸಡಿಲಗೊಳಿಸುತ್ತದೆ. ಅದರ ಜಾಲರಿಯಲ್ಲಿ ಸಿಗುವ ಹತ್ತಿಯಂಥ ಪುಡಿ ಬೇರೇನೂ ಅಲ್ಲ, ನಮ್ಮ ಬಟ್ಟೆಯೇ ಸವೆದು ಬಂದ ಎಳೆಗಳು.

ಬಿಸಿಲಿಗೆ ಒಣಗಿದ ಟವೆಲ್ಲಿನ ಆ ಹಿತವಾದ ವಾಸನೆ ನಮ್ಮ ಕಲ್ಪನೆಯೇ? ಅಲ್ಲ. 2020ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ರಸಾಯನಶಾಸ್ತ್ರಜ್ಞರು ಒಂದೇ ರೀತಿ ಒಗೆದ ಹತ್ತಿ ಟವೆಲ್ಲುಗಳನ್ನು ಕತ್ತಲ ಕೋಣೆಯಲ್ಲಿ, ನೆರಳಿನಲ್ಲಿ ಹಾಗೂ ಬಿಸಿಲಿನಲ್ಲಿ ಒಣಗಿಸಿ ಹೋಲಿಸಿದರು. ಬಿಸಿಲಿನಲ್ಲಿ ಒಣಗಿದ್ದರಲ್ಲಿ ಮಾತ್ರ ಸುವಾಸನೆ ಕೊಡುವ ಕೆಲವು ಸಂಯುಕ್ತಗಳು ಹೊಸದಾಗಿ ಹುಟ್ಟಿದ್ದವು. ಒದ್ದೆ ಬಟ್ಟೆಯ ಮೇಲೆ ಬಿಸಿಲು ಬಿದ್ದಾಗ ನಡೆಯುವ ರಾಸಾಯನಿಕ ಕ್ರಿಯೆ ಅದು.

ಒಂದು ಎಚ್ಚರಿಕೆ. ಕಾಮಾಕ್ಷಿಪಾಳ್ಯದ ಕಾರ್ಖಾನೆಗಳ ಕಡೆಗೆ ಅಥವಾ ಮಾಗಡಿ ರಸ್ತೆಯ ವಾಹನಗಳ ಕಡೆಗೆ ಮುಖವಿರುವ ಮನೆಗಳಲ್ಲಿ ಧೂಳು ಹೆಚ್ಚು. ಹಗ್ಗವನ್ನು ಒದ್ದೆ ಬಟ್ಟೆಯಿಂದ ಒರೆಸಿಯೇ ಬಟ್ಟೆ ಹಾಕಿ. ಒಣಗಿದ ಕೂಡಲೇ ತೆಗೆಯಿರಿ. ಮನೆಯಲ್ಲಿ ಉಬ್ಬಸ ಅಥವಾ ಅಲರ್ಜಿ ಇರುವವರಿದ್ದರೆ, ಪಕ್ಕದ ಖಾಲಿ ನಿವೇಶನದಲ್ಲಿ ಪಾರ್ಥೇನಿಯಂ ಹೂಬಿಟ್ಟಿದ್ದರೆ, ಅವರ ದಿಂಬಿನ ಹೊದಿಕೆ ಹಾಸಿಗೆಗಳನ್ನು ಒಳಗೆ ಒಣಗಿಸುವುದು ಲೇಸು.

ಭಾರ ಯಾರ ಬೆನ್ನ ಮೇಲೆ?

ಈಗ ಸೊಸೆಯ ಪ್ರಶ್ನೆಗೆ ಬರೋಣ. ಈ ಪಾಠದ ತಿರುಳು ಇಲ್ಲಿದೆ.

ಬಿಸಿಲು ಪುಕ್ಕಟೆ. ಗಾಳಿ ಪುಕ್ಕಟೆ. ಆದರೆ ಹತ್ತು ಕಿಲೋ ಭಾರದ ಒದ್ದೆ ಬಟ್ಟೆಯ ಬಕೆಟ್ಟನ್ನು ತಾರಸಿಗೆ ಒಯ್ಯುವ ಶ್ರಮ ಪುಕ್ಕಟೆಯಲ್ಲ. ಒದರುವುದು, ಹಾಕುವುದು, ಮೋಡ ನೋಡುತ್ತಿರುವುದು, ಮಳೆ ಹನಿದರೆ ಓಡುವುದು, ತೆಗೆಯುವುದು, ಮಡಚುವುದು, ಯಾರ ಬಟ್ಟೆ ಯಾರದೆಂದು ಬೇರ್ಪಡಿಸುವುದು ಇವೆಲ್ಲ ಕೆಲಸವೇ. ವಿದ್ಯುತ್ ಬಿಲ್ಲಿನಲ್ಲಿ ಇದರ ಲೆಕ್ಕ ಬರುವುದಿಲ್ಲ. ಮನೆಯ ಒಬ್ಬ ಹೆಂಗಸಿನ ಮಂಡಿಯಲ್ಲಿ, ಸೊಂಟದಲ್ಲಿ ಬರುತ್ತದೆ. ಉಳಿದವರೆಲ್ಲ ಕೆಳಗೆ ಟಿ.ವಿ. ಮುಂದೆ ಕುಳಿತು "ನಾವು ಡ್ರೈಯರ್ ಇಲ್ಲದೆಯೇ ಬದುಕುತ್ತೇವೆ, ಪರಿಸರ ಉಳಿಸುತ್ತೇವೆ" ಎಂದು ಹೇಳಿಕೊಂಡರೆ ಆ ಉಳಿತಾಯವನ್ನು ಮಾಡಿದವರು ಯಾರು? ತ್ಯಾಗ ಒಬ್ಬರದು, ಹೆಸರು ಎಲ್ಲರದು ಆಗಬಾರದು.

ಕೆಲವು ಮನೆಗಳಲ್ಲಿ ಈ ಭಾರ ಕೆಲಸದಾಕೆಯ ಮೇಲಿರುತ್ತದೆ. ಆಕೆ ಅದೇ ಬೆಳಿಗ್ಗೆ ಇನ್ನೂ ನಾಲ್ಕು ಮನೆಗಳ ಮೆಟ್ಟಿಲು ಹತ್ತಬೇಕು. ಬಟ್ಟೆ ಒಗೆಯುವುದಕ್ಕೆ ಸಂಬಳ ನಿಗದಿ ಮಾಡುವಾಗ ಮೇಲಕ್ಕೆ ಹೊತ್ತು ಒಣಹಾಕುವುದನ್ನೂ ಲೆಕ್ಕಕ್ಕೆ ತೆಗೆದುಕೊಂಡಿದ್ದೇವೆಯೇ?

ನಮ್ಮ ಬಡಾವಣೆಗೆ ಬಸವೇಶ್ವರರ ಹೆಸರಿದೆ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಅವರ ಸಂಗಡಿಗರಾಗಿದ್ದ ಶರಣರಲ್ಲಿ ಮಡಿವಾಳ ಮಾಚಿದೇವರು ಒಬ್ಬರು. ಶರಣರ ಬಟ್ಟೆ ಒಗೆಯುವುದು ಅವರ ಕಾಯಕ. ವಚನಗಳನ್ನು ಬರೆದ ಅವರನ್ನು ಮಂತ್ರಿಯಾಗಿದ್ದ ಬಸವಣ್ಣನವರೂ ಗೌರವದಿಂದ ಕಂಡರು. ಒಗೆದು ಒಣಗಿಸುವ ಕೆಲಸ ಕೀಳಲ್ಲ ಎಂಬುದನ್ನು ಎಂಟುನೂರು ವರ್ಷಗಳ ಹಿಂದೆಯೇ ಈ ನಾಡು ಕಂಡಿದೆ. ಆ ಹೆಸರಿನ ಬಡಾವಣೆಯಲ್ಲಿ ವಾಸಿಸುವ ನಾವು ಬಟ್ಟೆಯ ಬಕೆಟ್ ಮುಟ್ಟಲು ನಾಚುವುದೇಕೆ?

ಹಂಚಿಕೊಳ್ಳುವುದು ಕಷ್ಟವೇನಲ್ಲ. ಬೆಳಿಗ್ಗೆ ಕೆಲಸಕ್ಕೆ ಹೋಗುವ ಮುಂಚೆ ಬಕೆಟ್ ಮೇಲಕ್ಕೆ ಒಯ್ಯುವುದು ಗಂಡಸರ ಪಾಲು ಆಗಲಿ. ಒಣಹಾಕುವಾಗ ಇಬ್ಬರಿದ್ದರೆ ಹತ್ತೇ ನಿಮಿಷದ ಕೆಲಸ. ಬೆಡ್‌ಶೀಟನ್ನು ಎರಡು ತುದಿ ಹಿಡಿದು ಒದರಲು ಇಬ್ಬರು ಬೇಕೇ ಬೇಕು. ಶಾಲೆಯಿಂದ ಬಂದ ಮಕ್ಕಳು ದೊಡ್ಡವರ ಜೊತೆ ಹೋಗಿ ಬಟ್ಟೆ ತರಲಿ, ತಮ್ಮ ಬಟ್ಟೆಯನ್ನು ತಾವೇ ಮಡಚಲಿ. ಹುಡುಗರಿಗೂ ಹುಡುಗಿಯರಿಗೂ ಒಂದೇ ನಿಯಮವಿರಲಿ. ಅಜ್ಜಿಗೆ ಮೆಟ್ಟಿಲು ಬೇಡ. ಕೆಳಗೆ ಕುಳಿತು ಮಡಚುವ ಕೆಲಸವನ್ನು ಅವರು ಸಂತೋಷದಿಂದ ಮಾಡುತ್ತಾರೆ.

ಭಾರವನ್ನೇ ಕಡಿಮೆ ಮಾಡಲೂಬಹುದು. ಮೆಷಿನ್ನಿನಲ್ಲಿ ಇನ್ನೊಂದು ಸಲ ಹಿಂಡಿದರೆ ಬಕೆಟ್ ಹಗುರವಾಗುತ್ತದೆ, ಬಟ್ಟೆಯೂ ಬೇಗ ಒಣಗುತ್ತದೆ. ವಾರದ ಬಟ್ಟೆಯನ್ನೆಲ್ಲ ಭಾನುವಾರಕ್ಕೆ ಕೂಡಿಹಾಕದೆ ದಿನಬಿಟ್ಟು ದಿನ ಸ್ವಲ್ಪ ಸ್ವಲ್ಪ ಒಗೆದರೆ ಹಗ್ಗದಲ್ಲೂ ಜಾಗ ಸಾಲುತ್ತದೆ. ಜೀನ್ಸ್ ಪ್ಯಾಂಟನ್ನು ಒಮ್ಮೆ ತೊಟ್ಟ ಕೂಡಲೇ ಒಗೆಯುವ ಅಗತ್ಯವಿದೆಯೇ ಎಂದು ಕೇಳಿಕೊಂಡರೆ ಅರ್ಧ ಭಾರ ಅಲ್ಲೇ ಇಳಿಯುತ್ತದೆ.

ತಾರಸಿ ಯಾರದು?

ನಮ್ಮಲ್ಲಿ ಎಷ್ಟೋ ಮನೆಗಳ ತಾರಸಿಗೆ ಬೀಗವಿರುತ್ತದೆ, ಬೀಗದ ಕೈ ಮಾಲೀಕರ ಬಳಿ ಇರುತ್ತದೆ. ಟ್ಯಾಂಕು, ಸೋಲಾರ್ ಹಾಳಾದೀತೆಂಬ ಭಯ ಅವರದು. ಬಾಡಿಗೆಯವರು ಎರಡು ಕೋಣೆಯ ಮನೆಯಲ್ಲಿ ಮಂಚದ ಮೇಲೆ, ಕಿಟಕಿಯ ಕಂಬಿಗೆ ಬಟ್ಟೆ ಹರಡಬೇಕಾಗುತ್ತದೆ. ಓದುಗರಲ್ಲಿ ಮನೆ ಮಾಲೀಕರಿದ್ದರೆ ಒಂದು ವಿನಂತಿ: ಬೀಗದ ಇನ್ನೊಂದು ಕೈ ಮಾಡಿಸಿ ಕೊಡಿ. ಬಾಡಿಗೆಯವರಿದ್ದರೆ ಒಂದು ಕಿವಿಮಾತು: ಕೈ ಸಿಕ್ಕ ಮೇಲೆ ಬಾಗಿಲು ಹಾಕುವುದನ್ನು, ಬಿದ್ದ ಕ್ಲಿಪ್ಪು ಹೆಕ್ಕುವುದನ್ನು ಮರೆಯಬೇಡಿ.

ಹಗ್ಗ ಎರಡು, ಮನೆ ಮೂರು ಇದ್ದರೆ ದಿನಗಳನ್ನು ಹಂಚಿಕೊಳ್ಳಿ. ಸೋಮವಾರ, ಗುರುವಾರ ಒಬ್ಬರದು. ಮಂಗಳವಾರ, ಶುಕ್ರವಾರ ಇನ್ನೊಬ್ಬರದು. ಬಾಲ್ಕನಿಯಲ್ಲಿ ಹಾಕುವವರು ನೀರು ತೊಟ್ಟಿಕ್ಕದ ಹಾಗೆ ಹಿಂಡಿ ಹಾಕಬೇಕು; ಕೆಳಗಿನವರ ಒಣಗಿದ ಬಟ್ಟೆಯ ಮೇಲೆ ನಮ್ಮ ನೀರು ಬಿದ್ದರೆ ಮಾತು ಬೆಳೆಯುತ್ತದೆ. ಮಳೆ ಬಂದಾಗ ನಮ್ಮ ಬಟ್ಟೆ ತೆಗೆಯುವಾಗ ಮನೆಯಲ್ಲಿಲ್ಲದ ಪಕ್ಕದವರ ಬಟ್ಟೆಯನ್ನೂ ತೆಗೆದು ಬಾಗಿಲಿಗೆ ತಲುಪಿಸಿದರೆ ವರ್ಷದ ಮನಸ್ತಾಪ ಒಂದೇ ಸಂಜೆ ಕರಗುತ್ತದೆ.

ಹಗ್ಗ ಕಟ್ಟುವಾಗ ಎಚ್ಚರ

ಬಟ್ಟೆ ಒಣಹಾಕಲು ಹೋಗಿ ವಿದ್ಯುತ್ ತಗುಲಿ ಸತ್ತವರ ಸುದ್ದಿ ನಮ್ಮ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಕಾರಣ ಹೆಚ್ಚಾಗಿ ಒಂದೇ: ಹಗ್ಗದ ಬದಲು ಕಬ್ಬಿಣದ ತಂತಿ. ತಂತಿ ಗಟ್ಟಿ, ಜೋತುಬೀಳುವುದಿಲ್ಲ ಎಂದು ಕಟ್ಟುತ್ತೇವೆ. ಮೋಟಾರಿನ ಅಥವಾ ಬಲ್ಬಿನ ವೈರು ಎಲ್ಲೋ ಸವೆದು ಆ ತಂತಿಗೋ ಅದನ್ನು ಕಟ್ಟಿದ ಕಬ್ಬಿಣದ ಪೈಪಿಗೋ ತಗುಲಿದರೆ ಇಡೀ ತಂತಿಯಲ್ಲಿ ವಿದ್ಯುತ್ ಹರಿಯುತ್ತದೆ. ಒದ್ದೆ ಬಟ್ಟೆ, ಒದ್ದೆ ಕೈ, ಬರಿಗಾಲು. ಹಿಡಿದವರನ್ನು ಬಿಡಿಸಲು ಹೋದವರೂ ಬಲಿಯಾಗುತ್ತಾರೆ.

ಆದ್ದರಿಂದ ನೈಲಾನ್ ಅಥವಾ ಹತ್ತಿಯ ಹಗ್ಗವನ್ನೇ ಕಟ್ಟಿ. ವಿದ್ಯುತ್ ಕಂಬಕ್ಕೆ, ಮನೆಗೆ ಬರುವ ಸರ್ವಿಸ್ ವೈರಿಗೆ, ಕೇಬಲ್ಲಿಗೆ, ಮೋಟಾರಿನ ಪೈಪಿಗೆ ಏನನ್ನೂ ಕಟ್ಟಬೇಡಿ. ಬೀದಿಯ ತಂತಿ ತಾರಸಿಗೆ ತೀರ ಹತ್ತಿರವಿದ್ದರೆ ಆ ಬದಿಗೆ ಬಟ್ಟೆ ಹಾಕಬೇಡಿ. ತಂತಿ ಜೋತುಬಿದ್ದಿದ್ದರೆ ಬೆಸ್ಕಾಂನ 1912ಕ್ಕೆ ಫೋನ್ ಮಾಡಿ. ಯಾರಿಗಾದರೂ ವಿದ್ಯುತ್ ತಗುಲಿದರೆ ಮೊದಲು ಮೈನ್ ಸ್ವಿಚ್ ಆರಿಸಬೇಕು, ಆಮೇಲೆಯೇ ಅವರನ್ನು ಮುಟ್ಟಬೇಕು. ಮನೆಯ ವೈರಿಂಗಿನಲ್ಲಿ 30 ಮಿಲಿಆಂಪಿಯರಿನ ಆರ್.ಸಿ.ಸಿ.ಬಿ. ಎಂಬ ಸ್ವಿಚ್ ಇದ್ದರೆ ಸ್ವಲ್ಪ ಸೋರಿಕೆಯಾದರೂ ಕ್ಷಣದಲ್ಲಿ ವಿದ್ಯುತ್ ಕಡಿತವಾಗುತ್ತದೆ. ಡ್ರೈಯರಿಗೆ ಮೀಸಲಿಟ್ಟ ಹಣದ ಒಂದು ಸಣ್ಣ ಪಾಲಿನಲ್ಲಿ ಇದನ್ನು ಎಲೆಕ್ಟ್ರಿಷಿಯನ್ನರಿಂದ ಹಾಕಿಸಬಹುದು.

ಕಟ್ಟೆಗೋಡೆಯ ಹೊರಗೆ ಬಾಗಿ ಬಟ್ಟೆ ಹಾಕುವ ಅಭ್ಯಾಸ ಬೇಡ. ಹಗ್ಗ ಕಟ್ಟೆಗೋಡೆಯಿಂದ ನಾಲ್ಕು ಅಡಿ ಒಳಗಿರಲಿ. ಚಿಕ್ಕ ಮಕ್ಕಳನ್ನು ಒಬ್ಬರೇ ತಾರಸಿಗೆ ಕಳುಹಿಸಬೇಡಿ. ಮಗು ಆಡುವ ಕಡೆ ಹಗ್ಗದ ತುದಿಯನ್ನು ಉದ್ದವಾಗಿ ಜೋತುಬಿಡಬೇಡಿ, ಕುತ್ತಿಗೆಗೆ ಸುತ್ತಿಕೊಂಡೀತು.

ಮಳೆಗಾಲದಲ್ಲಿ ಮನೆಯೊಳಗೆ

ಒಳಗೆ ಒಣಗಿಸುವಾಗ ಒಂದನ್ನು ನೆನಪಿಡಿ: ಬಟ್ಟೆಯ ಆ ಮೂರು ಲೀಟರ್ ನೀರು ಕೋಣೆಯ ಗಾಳಿಗೇ ಸೇರುತ್ತದೆ. ಕಿಟಕಿ ಮುಚ್ಚಿದ್ದರೆ ಗೋಡೆ ತೇವಗೊಂಡು, ಬೀರುವಿನ ಹಿಂದೆ ಬೂಷ್ಟು ಹಿಡಿಯುತ್ತದೆ. ಉಬ್ಬಸದ ಮಕ್ಕಳಿಗೆ ಅದು ಕೆಟ್ಟದ್ದು. ಮಲಗುವ ಕೋಣೆಯನ್ನು ಬಿಟ್ಟು ಯುಟಿಲಿಟಿಯಲ್ಲೋ ಹಾಲಿನಲ್ಲೋ ಒಣಗಿಸಿ. ಎದುರುಬದುರು ಕಿಟಕಿಗಳನ್ನು ಸ್ವಲ್ಪ ತೆರೆದಿಡಿ.

ಛಾವಣಿಗೆ ಹಾಕಿಸುವ, ಹಗ್ಗ ಎಳೆದರೆ ಕೆಳಗಿಳಿಯುವ ಕಂಬಿಗಳು ಸಣ್ಣ ಮನೆಗೆ ಅನುಕೂಲ. ಬಿಸಿ ಗಾಳಿ ಮೇಲೇರುವುದರಿಂದ ಅಲ್ಲಿ ಬಟ್ಟೆ ಬೇಗ ಒಣಗುತ್ತದೆ. ಎರಡು ಬಟ್ಟೆಗಳ ನಡುವೆ ಮೂರು ಬೆರಳಿನ ಅಂತರವಿರಲಿ. ಅಂಗಿಯನ್ನು ಹ್ಯಾಂಗರಿಗೆ ಹಾಕಿ. ಬೆಡ್‌ಶೀಟನ್ನು ಎರಡು ಹಗ್ಗಗಳ ಮೇಲೆ ಹರಡಿದರೆ ನಡುವೆ ಗಾಳಿ ಓಡಾಡುತ್ತದೆ. ಫ್ಯಾನ್ ಹಾಕಿದರೆ ವಿದ್ಯುತ್ ಪೋಲಲ್ಲವೇ ಎಂದು ಕೇಳಬಹುದು. ಹಳೆಯ 75 ವ್ಯಾಟ್ ಫ್ಯಾನು ಎಂಟು ಗಂಟೆ ತಿರುಗಿದರೂ ಯೂನಿಟ್ಟಿನ ಮುಕ್ಕಾಲು ಪಾಲನ್ನೂ ಮುಟ್ಟುವುದಿಲ್ಲ; ಹೊಸ ಬಿ.ಎಲ್.ಡಿ.ಸಿ. ಫ್ಯಾನಿಗೆ ಅದರ ಅರ್ಧಕ್ಕಿಂತ ಕಡಿಮೆ ಸಾಕು. ಡ್ರೈಯರಿನ ಮೂರು ಯೂನಿಟ್ಟಿನ ಪಕ್ಕದಲ್ಲಿಟ್ಟು ನೋಡಿ.

ಮಳೆ ಹಿಡಿದಾಗ ಮಾರನೆಯ ದಿನಕ್ಕೆ ಬೇಕಾದ ಶಾಲೆಯ ಸಮವಸ್ತ್ರ, ಒಳಉಡುಪುಗಳನ್ನು ಮೊದಲು ಒಗೆಯಿರಿ. ಹೊದಿಕೆ, ಪರದೆಗಳು ಬಿಸಿಲಿಗೆ ಕಾಯಲಿ.

ಹಾಗಾದರೆ ಡ್ರೈಯರ್ ತಪ್ಪೇ?

ತಪ್ಪಲ್ಲ. ಹಾಸಿಗೆ ಹಿಡಿದ ಹಿರಿಯರಿಗೆ ದಿನಕ್ಕೆ ನಾಲ್ಕು ಸಲ ಬಟ್ಟೆ ಬದಲಿಸುವ ಮನೆ, ಮಳೆಗಾಲದಲ್ಲಿ ಹಸುಗೂಸಿರುವ ಮನೆ, ತಾರಸಿಯೂ ಬಾಲ್ಕನಿಯೂ ಇಲ್ಲದ ಮನೆ, ಮಂಡಿನೋವಿನವರು ಒಬ್ಬರೇ ಇರುವ ಮನೆ ಇಂಥಲ್ಲಿ ಆ ಯಂತ್ರ ನಿಜವಾದ ಆಸರೆ. ಅವರನ್ನು ನೋಡಿ ದುಂದುಗಾರರೆಂದು ಆಡಿಕೊಳ್ಳುವ ಹಕ್ಕು ನಮಗಿಲ್ಲ. ಕೊಳ್ಳುವವರು ಹೀಟ್ ಪಂಪ್ ಬಗೆಯದನ್ನು ನೋಡಲಿ. ಪ್ರತಿ ಸಲವೂ ಜಾಲರಿಯ ಎಳೆಪುಡಿಯನ್ನು ತೆಗೆಯಲಿ, ಅದು ಬೆಂಕಿ ಹಿಡಿಯುವ ವಸ್ತು. ಎಣ್ಣೆ, ಸೀಮೆಎಣ್ಣೆ ತಾಗಿದ ಬಟ್ಟೆಯನ್ನು ಅದರೊಳಗೆ ಹಾಕಲೇಬಾರದು. ಹಗ್ಗವನ್ನೂ ಉಳಿಸಿಕೊಂಡು, ಬಿಸಿಲಿಲ್ಲದ ದಿನಕ್ಕೆ ಮಾತ್ರ ಯಂತ್ರ ಎಂಬ ನಿಯಮ ಮಾಡಿಕೊಳ್ಳಬಹುದು.

ಪೋಪ್ ಫ್ರಾನ್ಸಿಸರು 2015ರ ಮೇ 24ರ 'ಲೌದಾತೋ ಸಿ' ಪರಿಪತ್ರದ 211ನೆಯ ಪರಿಚ್ಛೇದದಲ್ಲಿ ಇಂಥ ಚಿಕ್ಕ ಚಿಕ್ಕ ಮನೆಯ ಅಭ್ಯಾಸಗಳನ್ನೇ ಹೆಸರಿಸಿದ್ದಾರೆ: ನೀರಿನ ಮಿತ ಬಳಕೆ, ಬೇಕಾದಷ್ಟೇ ಅಡುಗೆ, ಬೇಡದ ದೀಪ ಆರಿಸುವುದು. ಹೆಚ್ಚು ಖರ್ಚು ಮಾಡಲು ಶಕ್ತಿಯಿದ್ದೂ ಹೀಟರನ್ನು ಕಡಿಮೆ ಬಳಸಿ ಬೆಚ್ಚಗಿನ ಉಡುಪು ತೊಡುವವರ ಉದಾಹರಣೆಯೂ ಅಲ್ಲಿದೆ. ಚಳಿದೇಶದವರಿಗೆ ಅದು. ನಮ್ಮ ಬಿಸಿಲ ನಾಡಿಗೆ ಹಗ್ಗ ಮತ್ತು ಕ್ಲಿಪ್ಪು ಹೊಂದುತ್ತದೆ.

ಮತ್ತೆ ಆ ಮೊದಲ ಮಹಡಿಯ ಮನೆಗೆ ಹೋಗೋಣ. ಸೊಸೆಯ ಪ್ರಶ್ನೆಗೆ ಮಗ ಹೀಗೆ ಉತ್ತರ ಕೊಟ್ಟನೆಂದುಕೊಳ್ಳಿ: "ನಾಳೆಯಿಂದ ಬಕೆಟ್ ನಾನು ಒಯ್ಯುತ್ತೇನೆ. ನೀನು ಬಂದು ಬೆಡ್‌ಶೀಟಿನ ಇನ್ನೊಂದು ತುದಿ ಹಿಡಿದರೆ ಸಾಕು. ಅಮ್ಮ ಸಂಜೆ ಮಡಚಲಿ." ಆಗ ಬೋನಸ್ಸಿನ ಹಣ ಏನಾಗಬೇಕೆಂದು ಮೂವರೂ ಸಮಾಧಾನವಾಗಿ ಮಾತನಾಡಬಹುದು. ಬಟ್ಟೆಯೂ ಒಣಗುತ್ತದೆ, ಮನೆಯ ಮನಸ್ಸೂ ಹಗುರವಾಗುತ್ತದೆ.

ಮನೆಯವರೆಲ್ಲ ಕುಳಿತು ಚರ್ಚಿಸಲು

1. ನಮ್ಮ ಮನೆಯಲ್ಲಿ ಕಳೆದ ವಾರ ಬಟ್ಟೆ ಒಣಹಾಕಿದವರು ಯಾರು, ತೆಗೆದವರು ಯಾರು, ಮಡಚಿದವರು ಯಾರು? ಮೂರು ಪ್ರಶ್ನೆಗೂ ಒಂದೇ ಹೆಸರು ಬಂದರೆ ಏನು ಬದಲಿಸಬೇಕು?

2. ನಮ್ಮ ಹಗ್ಗ ಹಗ್ಗವೇ, ತಂತಿಯೇ? ಅದನ್ನು ಯಾವುದಕ್ಕೆ ಕಟ್ಟಿದ್ದೇವೆ? ಇವತ್ತೇ ಮೇಲೆ ಹೋಗಿ ನೋಡಿ ಬನ್ನಿ.

3. ನಮ್ಮ ತಾರಸಿಯನ್ನು ಬಳಸಲಾಗದೆ ಕಷ್ಟಪಡುತ್ತಿರುವ ನೆರೆಯವರು ಯಾರಾದರೂ ಇದ್ದಾರೆಯೇ?

4. ಕಳೆದ ಮೂರು ತಿಂಗಳ ವಿದ್ಯುತ್ ಬಿಲ್ಲನ್ನು ಮಕ್ಕಳ ಕೈಗೆ ಕೊಟ್ಟು ಯೂನಿಟ್ಟುಗಳನ್ನು ಓದಿಸಿ. ಯಾವ ಕೆಲಸವನ್ನು ಬಿಸಿಲು, ಗಾಳಿ ಅಥವಾ ನಮ್ಮ ಕೈಗಳೇ ಮಾಡಬಹುದಿತ್ತು?